ನಾಲ್ಕನೇ ಇನ್‌ಪುಟ್

ಹಸಿರು ಪಟ್ಟಿಯ ಮೇಲೆ ಎಂಟು ತಿರುಪು,
ಒಂದೊಂದರ ಬಾಯಿಗೂ ಕೂದಲಿನಷ್ಟು ತಾಮ್ರ.
ಹಲ್ಲಿನಿಂದ ಸುಲಿಯಬೇಡ ಬಾಯ್, ಅನ್ನುತ್ತಾರೆ ಕುಲಾಸೊ ಸಾರ್,
ತಾವು ಮೂವತ್ತೊಂದು ವರ್ಷ ಹಲ್ಲಿನಿಂದಲೇ ಸುಲಿದವರು.
ಮಡಗಾಂವಿನ ಮೂರನೇ ಮಹಡಿ, ಕೆಳಗೆ ಬೇಕರಿ,
ರ‍್ಯಾಕಿನ ಹಿಂದೆ ನಾವಿಬ್ಬರು ಮಂಡಿಯೂರಿ
ಪೆಟ್ಟಿಗೆಯೊಂದಕ್ಕೆ ಕಲಿಸುತ್ತಿದ್ದೇವೆ
ಮುಟ್ಟಿದರೆ ಗೊತ್ತಾಗುವುದನ್ನು.

ಇದಕ್ಕೆ ಕರೆಂಟು ಕೊಡಬೇಡ. ಮಾತೂ ಬೇಡ.
ಎರಡು ತಂತಿ ಒಂದಕ್ಕೊಂದು ತಾಗಿದರೆ ಸಾಕು.
ಒಣ ಕಾಂಟ್ಯಾಕ್ಟ್ ಅನ್ನುತ್ತಾರೆ ಇದಕ್ಕೆ,
ಬರಿಗೈಯಲ್ಲಿ ಬಂದು ಬಾಗಿಲು ತಟ್ಟಿ ಹೋದ ಹಾಗೆ.
ಮುಂಬೈಯ ಕಾರ್ಯಕ್ರಮ ಉಸಿರೆಳೆದುಕೊಳ್ಳುವ ಹೊತ್ತಿಗೆ
ಡಿಶ್ಶಿನ ಪೆಟ್ಟಿಗೆಯೊಳಗೆ ರಿಲೇ ಟಿಕ್ ಅನ್ನುತ್ತದೆ,
ಇಲ್ಲಿ ನಮ್ಮೂರಿನ ಜಾಹೀರಾತು ಶುರು:
ಶಿರೋಡ್ಕರನ ಹಾಸಿಗೆ ಅಂಗಡಿ,
ಸೀಗಡಿ ಉಪ್ಪಿನಕಾಯಿ, ಕಣ್ಣಿನ ಆಸ್ಪತ್ರೆ.

ಮೊದಲ ವಾರ ಹಾಸಿಗೆ ಮೂರು ಸಲ ಬಂತು
ಒಂದರ ಮೇಲೊಂದು ಬಿದ್ದು:
ಮಲಗಿ ಮಲಗಿ ಮಲಗಿ.
ದುಡ್ಡು ಒಂದಕ್ಕೇ ಕೊಡೋದು, ಅಂದ ಶಿರೋಡ್ಕರ್.
ಲೋಹಕ್ಕೂ ಮೊದಲ ಸಲ ಅದುರು ಇರುತ್ತದೆ ಬಾಯ್,
ತಾಗಿ, ಬಿಟ್ಟು, ತಾಗಿ, ಬಿಟ್ಟು, ಆಮೇಲೆ ನೆಲೆ.
ಅದುರಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಹೇಳು ಅದಕ್ಕೆ.
ಇಪ್ಪತ್ತು ಮಿಲಿಸೆಕೆಂಡು ಹಾಕಿದೆ. ಸಾಲಲಿಲ್ಲ. ಮೂವತ್ತು.
ಬೈನಾದ ಬಾಡಿಗೆ ಮನೆಯಲ್ಲಿ ನನ್ನ ಮದುವೆಯ ರಾತ್ರಿ
ಬಳೆಗಳೂ ಹೀಗೇ ಸದ್ದು ಮಾಡಿದ್ದವು,
ಯಾರೂ ಲೆಕ್ಕ ಹಿಡಿಯಲಿಲ್ಲ.

ನಾಲ್ಕನೆಯದು ಗುಡ್ಡದ ಮೇಲಿನ ಟ್ರಾನ್ಸ್‌ಮಿಟರಿನದು.
ಅದು ಸತ್ತರೆ ತಂತಿ ತಾಗಬೇಕು,
ತಾಗಿದರೆ ಕೆಂಪು ದೀಪ, ಸೈರನ್.
ನಾನೇ ಹಾಗೆ ಹಾಕಿದ್ದೆ, ಸರಿಯಾಗಿಯೇ ಕಂಡಿತ್ತು:
ಕೆಟ್ಟದ್ದಾದರೆ ಕೂಗು, ಇಲ್ಲದಿದ್ದರೆ ಸುಮ್ಮನಿರು.
ಆಷಾಢದ ಒಂದು ಸಂಜೆ ಹೆಗ್ಗಣ ಕೇಬಲ್ಲು ಕಡಿಯಿತು,
ಅದೇ ರಾತ್ರಿ ಸಿಡಿಲು ಗುಡ್ಡವನ್ನು ಆರಿಸಿತು.
ನಲವತ್ತು ನಿಮಿಷ
ಹಸಿರು ದೀಪ ನೆಮ್ಮದಿಯಾಗಿ ಉರಿಯಿತು,
ಯಾರಿಗೂ ಕೇಳದ ಹಾಡುಗಳನ್ನು ನಾವು ಹಾಕುತ್ತಲೇ ಇದ್ದೆವು.
ಕೆಳಗಿನ ಸೆಬೆಸ್ತಿಯಾಂವ್ ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ ಬಂದ:
ಇವತ್ತೇನು ಗುಡ್ ಫ್ರೈಡೇನಾ?

ಸಾರ್ ಬೈಯಲಿಲ್ಲ. ಕನ್ನಡಕ ಒರೆಸಿದರು, ತುಂಬಾ ಹೊತ್ತು.
ನಾನು ಗಡಿಯಾರ ನೋಡಿದೆ. ಹತ್ತಕ್ಕೆ ಏಳು ನಿಮಿಷ.
ಹತ್ತಕ್ಕೆ ದ್ಯಾಮಣ್ಣನ ಕಲ್ಲಿದ್ದಲಿನ ಬಾರ್ಜು
ಜುವಾರಿ ಸೇತುವೆಯ ಕೆಳಗೆ ಹಾಯುತ್ತದೆ.
ಒಂದು ರಿಂಗು. ಕಟ್.
ಎಂಟು ವರ್ಷದಿಂದ ಹೀಗೆ. ಆಗ ಪೈಸೆಯ ಲೆಕ್ಕ,
ಈಗ ಮಾತು ಪುಕ್ಕಟೆ, ಆದರೂ ಒಂದೇ ರಿಂಗು.
ಮುಳುಗಿದರೆ ಫೋನು ಮಾಡ್ತೀನಿ ಅಂದಿರಲಿಲ್ಲ ಅವನು,
ಮುಳುಗಿದವನು ಮಾಡೋದು ಹೆಂಗ?
‘ಬರಲಿಲ್ಲಂದ್ರ ಕೇಳು’ ಅಂದಿದ್ದ.
ಒಮ್ಮೆ ಬರಲಿಲ್ಲ.
ಜೆಟ್ಟಿಗೆ, ಮಾಲೀಕನಿಗೆ, ಕಡೆಗೆ
ಜೊತೆಯವನ ಹೆಂಡತಿ ಬೀಬಿಜಾನಳಿಗೂ ಹಚ್ಚಿದೆ.
ಚಾರ್ಜ್ ಮುಗಿದಿತ್ತು, ಅಷ್ಟೇ.
ಅರ್ಧ ವಾಸ್ಕೊ ಎಬ್ಬಿಸೀಯಲ್ಲೇ, ಅಂತ ನಕ್ಕ.
ಮನೆಯಲ್ಲಿ ನೆಟ್ಟಗೆ ಹಾಕಿಕೊಂಡದ್ದನ್ನು
ಇಲ್ಲಿ ತಿರುಗಾಮುರುಗಾ ಹಾಕಿದ್ದೆ.

ಮರುದಿನ ಕೊಡೆ ಹಿಡಿದು ಗುಡ್ಡ ಹತ್ತಿ
ರಿಲೇಯ ಇನ್ನೊಂದು ಕಾಲಿಗೆ ತಂತಿ ಬದಲಿಸಿದೆವು.
ಬದುಕಿರುವಷ್ಟು ಹೊತ್ತು ತಾಗಿರಲಿ,
ಬಿಟ್ಟಕೂಡಲೇ ಕೂಗಲಿ.
ಬಿಡಿಸಿದ್ದು ಸಿಡಿಲೋ ಹೆಗ್ಗಣವೋ, ಆಮೇಲೆ ನೋಡಿಕೊಳ್ಳೋಣ.
ರಾತ್ರಿ ಪರೀಕ್ಷೆಗೆಂದು ತಿರುಪು ಸಡಿಲಿಸಿ ಎಳೆಯನ್ನು ಎತ್ತಿದೆ.
ಸೈರನ್ನಿಗೆ ಕೆಳಗಿನಿಂದ ಸೆಬೆಸ್ತಿಯಾಂವ್
ನಮ್ಮ ಮೂರು ತಲೆಮಾರನ್ನೂ ಕೊಂಕಣಿಯಲ್ಲಿ ನೆನೆದ.

ಸಾರ್ ಲಾಗ್ ಪುಸ್ತಕ ಮುಂದಿಟ್ಟರು.
ಇನ್‌ಪುಟ್ ನಾಲ್ಕು, ನಾರ್ಮಲಿ ಕ್ಲೋಸ್ಡ್, ಅಂತ ಬರೆದೆ.
ಮುಚ್ಚಿದೆ ಅಂದುಕೊಂಡಾರು ಮುಂದೆ ಬರುವ ಹುಡುಗರು.
ಪಕ್ಕದಲ್ಲಿ ಸಣ್ಣಗೆ ಕನ್ನಡದಲ್ಲಿ,
ಅವರಿಗೆ ಓದಲು ಬಾರದಿದ್ದರೂ:
ಮುಟ್ಟಿಕೊಂಡಿದೆ.

ಮೇಜಿನ ಮೇಲೆ ಫೋನು ಒಮ್ಮೆ ಅದುರಿ ನಿಂತಿತು.
ಹತ್ತು ದಾಟಿ ನಾಲ್ಕು.
ಉಬ್ಬರ ಎದುರಾಗಿರಬೇಕು.